ವೋಚರ್ ಇಲ್ಲದ ಖರ್ಚು

ಗೋಡೆಯ ಮೇಲೆ ಎಂ.ಫಿಲ್. ಪ್ರಮಾಣಪತ್ರ ತೂಗುಹಾಕಿದ್ದೇನೆ.
ಬಂದವರು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು,
ಆಮೇಲೆ ಬಾಗಿಲನ್ನು.
ಗೋಡೆಯ ಮೇಲಿಲ್ಲದ್ದು ಇದು:
ಅದಕ್ಕೂ ಮುಂಚೆ ಹನ್ನೊಂದು ವರ್ಷ
ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡುತ್ತಿದ್ದೆ.
ಮಾಗಡಿ, ಕನಕಪುರ, ಬೆಳಗಿನ ಮೊದಲ ಬಸ್ಸು,
ಹಸಿರು ಇಂಕಿನ ಪೆನ್ನು, ತೂಕಡಿಸುವ ಕಾರ್ಯದರ್ಶಿ.
ನನಗೆ ಬರುತ್ತಿದ್ದದ್ದು ಒಂದೇ ಪ್ರಶ್ನೆ:
ಇದಕ್ಕೆ ವೋಚರ್ ಎಲ್ಲಿ?

ಈಗಲೂ ಅದನ್ನೇ ಕೇಳುತ್ತೇನೆ, ದನಿ ತಗ್ಗಿಸಿ,
ಮತ್ತೀಕೆರೆಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲೆ,
ಎರಡು ಬೆತ್ತದ ಕುರ್ಚಿ, ಒಂದು ಹೂಜಿ ನೀರು.
ಟಿಶ್ಯೂ ಡಬ್ಬ ಕೈಗೆಟುಕಬೇಕು, ಕಣ್ಣಿಗೆ ಬೀಳಬಾರದು,
ಕಂಡರೆ ಅಳಲೇಬೇಕೇನೋ ಅಂದುಕೊಳ್ಳುತ್ತಾರೆ.
ಕೆಳಗೆ ಯಂತ್ರ ಇಡೀ ದಿನ
ಜನರ ಗುರುತಿನ ಚೀಟಿ ನುಂಗಿ ಎರಡೆರಡು ಉಗುಳುತ್ತದೆ.

ಮೊದಲ ದಿನವೇ ಬಾಲ್ಯ ಕೆದಕುವುದಿಲ್ಲ.
ಕನಸಿಗೆ ಅರ್ಥ ಹೇಳುವುದಿಲ್ಲ.
‘ಧೈರ್ಯವಾಗಿರಿ’ ಅನ್ನುವುದಿಲ್ಲ,
ಹಾಗನ್ನುವವರು ಅವರವರ ಮನೆಯಲ್ಲೇ ಹತ್ತು ಜನ ಇದ್ದಾರೆ.
ಒಂದು ಹಾಳೆ ಮಡಚಿ ನಾಲ್ಕು ಕಲಂ ಮಾಡುತ್ತೇನೆ:
ಏನಾಯಿತು. ಏನನ್ನಿಸಿತು. ಮೈಗೇನಾಯಿತು.
ಪುರಾವೆ ಏನು.

ಅಂತೋಣಿರಾಜ್ ಲಿಫ್ಟ್ ಮೆಕ್ಯಾನಿಕ್.
ಹದಿನಾಲ್ಕನೆಯ ಮಹಡಿಯ ಬಾವಿಯಲ್ಲಿ
ಹಗ್ಗ ಹಿಡಿದು ಬೀಡಿ ಸೇದಬಲ್ಲ.
ಮೆಟ್ರೋ ನೆಲದೊಳಗೆ ಇಳಿಯುತ್ತದೆ ಅಂದರೆ ಮಾತ್ರ ಅಂಗೈ ಬೆವರು.
‘ಹಾರ್ಟ್ ನಿಂತೋಗುತ್ತೆ ಮೇಡಂ.’
‘ಇಲ್ಲೀವರೆಗೆ ಎಷ್ಟು ಸಲ ನಿಂತಿದೆ?’
ನಗಲೋ ಬೇಡವೋ ಅಂತ ನೋಡಿದ.

ಮೊದಲ ವಾರ ಸಂಪಿಗೆ ರಸ್ತೆಯ ಪ್ಲಾಟ್‌ಫಾರ್ಮಿನಲ್ಲಿ
ಸುಮ್ಮನೆ ಕೂತು ಮೂರು ರೈಲು ಬಿಟ್ಟೆವು.
ಎರಡನೆಯ ವಾರ ಐದು.
ನಾಲ್ಕನೆಯ ವಾರ ಹತ್ತಿದೆವು.
ರೈಲು ಮೂತಿ ಬಗ್ಗಿಸಿ ಮಣ್ಣೊಳಗಿಳಿಯಿತು.
ಭಯ, ಹತ್ತಕ್ಕೆ ಎಷ್ಟು? ಒಂಬತ್ತು.
ಮೆಜೆಸ್ಟಿಕ್, ಒಂಬತ್ತು. ಚಿಕ್ಕಪೇಟೆ, ಒಂಬತ್ತೇ.
ಯಾರದೋ ಬ್ಯಾಗಿನಿಂದ ಕನಕಾಂಬರದ ದಂಡೆ ಇಣುಕುತ್ತಿತ್ತು,
ಅವನು ಅದನ್ನೇ ನೋಡುತ್ತಿದ್ದ.
ಮಾರ್ಕೆಟ್, ಎಂಟು.
ನ್ಯಾಷನಲ್ ಕಾಲೇಜಿನ ಹತ್ತಿರ ಬಿಸಿಲು ಬಂತು,
‘ಆರೂವರೆ’ ಅಂದ,
ಆ ಅರ್ಧಕ್ಕೆ ಅವನು ಪಟ್ಟ ಪಾಡು ನನಗೆ ಗೊತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯ ಕಥೆ.

ತಸ್ನೀಮ್ ಇನ್ಶೂರೆನ್ಸ್ ಆಫೀಸಿನವಳು.
‘ಊಟಕ್ಕೆ ನನ್ನ ಜೊತೆ ಯಾರೂ ಕೂರಲ್ಲ’ ಅಂದಳು.
ಅದು ನಿಮ್ಮ ಊಹೆಯಿರಬಹುದು, ಪರೀಕ್ಷಿಸಿ ನೋಡೋಣ, ಅಂದೆ.
ನಡುವಿನ ಮೇಜು ಹಿಡಿಯಿರಿ, ಮೊದಲೇ ಹೋಗಿ,
ಡಬ್ಬಿ ತೆರೆದು ಎಲ್ಲರನ್ನೂ ನೋಡಿ ನಗಿ.
ಮುಂದಿನ ಸೋಮವಾರ ಹಾಳೆ ತಂದಳು.
ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ:
ನಾಲ್ಕು ದಿನ. ಐದು ಕುರ್ಚಿ. ಐದೂ ಖಾಲಿ.
ಡಬ್ಬಿಯಲ್ಲಿ ಏನಿದೆ ಅಂತ ಒಬ್ಬರು ಕೇಳಿದರಂತೆ,
ದೂರದಿಂದಲೇ.
‘ವೋಚರ್ ಇದೆ ಮೇಡಂ’ ಅಂದಳು.

ಹೂಜಿಯಿಂದ ನೀರು ಬಗ್ಗಿಸಿದೆ, ಅವಳಿಗೋ ನನಗೋ.
ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ.
ಬೇರೆ ಯಾರದೋ ಲೆಡ್ಜರ್ ತೆರೆಯಬೇಕಿತ್ತು,
ಅವರು ನನ್ನ ಕುರ್ಚಿಗೆ ಯಾವತ್ತೂ ಬರುವುದಿಲ್ಲ.
ಓದಿದ್ದರಲ್ಲಿ ಇದಕ್ಕೂ ಒಂದು ಅಧ್ಯಾಯವಿತ್ತು,
ಪರೀಕ್ಷೆಗೆ ಬರಲ್ಲ ಅಂತ ಬಿಟ್ಟಿದ್ದೆ.

ತಪ್ಪು ನನ್ನದು, ಅಂದೆ.
ಅವಳು ಪೆನ್ನು ತೆಗೆದುಕೊಂಡು
ಅಂಚಿನ ಉಳಿದ ಜಾಗದಲ್ಲಿ ಐದನೆಯ ಗೆರೆ ಎಳೆದಳು,
ಸೊಟ್ಟಗೆ.
ಅದರ ಕೆಳಗೆ ಆ ದಿನ ಏನೂ ಬರೆಯಲಿಲ್ಲ.
ಎರಡು ವಾರದ ಮೇಲೆ ಬರೆದಳು: ಅದೇ ಮೇಜು.
ಅದಾದ ಮೇಲೆ: ನಿಧಾನವಾಗಿ ಊಟ.

ರಾತ್ರಿ ಎಂಟಕ್ಕೆ ಬೀಗ ಹಾಕುತ್ತೇನೆ.
ಮೆಟ್ಟಿಲಿಳಿದು, ಮತ್ತೆ ಹತ್ತಿ, ಎಳೆದು ನೋಡುತ್ತೇನೆ.
ಇಳಿದು, ಮತ್ತೆ.
ಶಟರ್ ಎಳೆಯುತ್ತಿದ್ದ ಝೆರಾಕ್ಸ್ ಹುಡುಗ ಅನ್ನುತ್ತಾನೆ:
‘ಬಿದ್ದಿದೆ ಮೇಡಂ, ನಾನು ನೋಡ್ದೆ.’
ಕಾಗದ ಪತ್ರ ಏನೂ ಇಲ್ಲ, ಬಾಯಿಮಾತು.
ಇವತ್ತಿಗೆ ಪಾಸ್ ಮಾಡುತ್ತೇನೆ.